ಗಾಲಿಕುರ್ಚಿಯೊಡನೆ ಕಪಿಲೆಯ ದಡದಲ್ಲಿ ಒಂದು ದಿನ

ಯಾತ್ರೆಗೆ ಹೊರಡುವ ಮನೆಯಲ್ಲಿ ಒಬ್ಬರು ಮನೆ ಕಾಯಲು ಉಳಿಯುವುದು ನಮ್ಮ ಕಡೆಯ ರೂಢಿ. ಉಳಿಯುವವರು ಸಾಮಾನ್ಯವಾಗಿ ಹಿರಿಯರು. ಅದರಲ್ಲಿಯೂ ನಡೆಯಲಾರದ ಹಿರಿಯರು. "ನೀವು ಹೋಗಿ ಬನ್ನಿ, ನನಗೆ ಪ್ರಸಾದ ತಂದರೆ ಸಾಕು" ಎಂದು ಅವರೇ ಹೇಳಿಬಿಡುತ್ತಾರೆ. ಆ ಮಾತು ಮನಸ್ಸಿನಿಂದ ಬಂದುದೋ, ನಾಲ್ವರಿಗೆ ಭಾರವಾಗಬಾರದೆಂಬ ಸಂಕೋಚದಿಂದ ಬಂದುದೋ ಎಂದು ವಿಚಾರಿಸುವ ಪುರಸೊತ್ತು ಹೊರಟವರಿಗೆ ಇರುವುದಿಲ್ಲ. ಮನೆಯಲ್ಲಿ ಪುಟ್ಟ ಮಗುವಿದ್ದರೆ ಅದರ ತಾಯಿಯೂ ಎಷ್ಟೋ ಸಲ ಹಿಂದೆ ಉಳಿಯುತ್ತಾಳೆ. ಈ ಇಬ್ಬರನ್ನೂ, ಅಂದರೆ ಗಾಲಿಕುರ್ಚಿಯಲ್ಲಿ ಕುಳಿತೇ ಓಡಾಡಬೇಕಾದ ಹಿರಿಯರನ್ನೂ ಓಡುವುದನ್ನು ಆಗತಾನೆ ಕಲಿತ ಮಗುವನ್ನೂ, ಒಂದೇ ದಿನ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳಿಗೆ ಕರೆದೊಯ್ದು ಬರುವುದು ಸಾಧ್ಯವೇ? ಸಾಧ್ಯ. ಆದರೆ ಏರ್ಪಾಡು ಬೇರೆ ಬಗೆಯದಾಗಿರಬೇಕು.

ನಮಗೆ ಈ ಪ್ರಯಾಣದ ಸಂದರ್ಭ ಒದಗಿದುದು ಮೂರನೆಯ ವರ್ಷಕ್ಕೆ ಕಾಲಿಟ್ಟ ಮಗುವಿನ ಮುಡಿಯಿಂದ. ಮೈಸೂರು ಸೀಮೆಯ ಅನೇಕ ವೀರಶೈವ ಲಿಂಗಾಯತ ಮನೆಗಳಂತೆ ನಮ್ಮ ಮನೆಯ ಮುಡಿಯೂ ನಂಜುಂಡೇಶ್ವರನಿಗೇ ಸಲ್ಲುತ್ತದೆ. ತಾಯಿಯವರಿಗೆ ಪಾರ್ಶ್ವವಾಯುವಾಗಿ ಎಡಭಾಗದ ಬಲ ಹೋಗಿದೆ. ಪೂಜೆಗೆ ಅವರು ಎಲ್ಲಿಗೂ ಹೋಗಬೇಕಾದುದಿಲ್ಲ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬಲಗೈಯಿಂದ ಪೂಜಿಸುವುದು ಕ್ರಮ. ಎಡಗೈ ಏಳದುದರಿಂದ ಕುರ್ಚಿಯ ತೋಳಿನ ಮೇಲೆ ದಿಂಬಿಟ್ಟು, ಆ ಕೈಯನ್ನು ಅದರ ಮೇಲೆ ಮಲಗಿಸಿ, ದಿನವೂ ಪೂಜೆ ಸಾಗಿಸುತ್ತಾರೆ. ಈ ಪೂಜೆಗೆ ಮೆಟ್ಟಿಲು ಹತ್ತಬೇಕಾದುದಿಲ್ಲ. ಆದರೆ ಮೊಮ್ಮಗುವಿನ ಮುಡಿ ಎಂದರೆ ಅದು ಪೂಜೆ ಮಾತ್ರವಲ್ಲ. ಹೊಳೆಯ ದಡದಲ್ಲಿ ಮಗು ಸೋದರಮಾವನ ತೊಡೆಯ ಮೇಲೆ ಕುಳಿತು ಅಳುವಾಗ ಅಜ್ಜಿ ಎದುರಿಗಿರಬೇಕು. ಪ್ರಸಾದ ತಂದುಕೊಟ್ಟರೆ ಅದು ತೀರುವಂಥದಲ್ಲ.

ಹಡಗಿನಲ್ಲಿ ದೇಶ ಸುತ್ತುವ ಪ್ರವಾಸಿಗರು ನವಮಂಗಳೂರು ಬಂದರಿನಲ್ಲಿ ಬೆಳಿಗ್ಗೆ ಇಳಿದು, ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೋ ಕುದ್ರೋಳಿಯ ಗುಡಿಯನ್ನೋ ನೋಡಿ, ಹಡಗು ಹೊರಡುವ ಹೊತ್ತಿಗೆ ಮರಳಿಬಿಡಬೇಕು. ಅವರಲ್ಲಿ ಗಾಲಿಕುರ್ಚಿಯವರೂ ಮಕ್ಕಳೊಂದಿಗರೂ ಇರುತ್ತಾರೆ. ಅವರು ಮೊದಲು ನೋಡುವುದು ಗಡಿಯಾರವನ್ನು, ಆಮೇಲೆ ಸ್ಥಳಗಳ ಪಟ್ಟಿಯನ್ನು. ನಮಗೆ ಹಡಗಿಲ್ಲದಿದ್ದರೂ ಗಡಿಯಾರ ಇತ್ತು. ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕುತ್ತಾರೆ; ಮಗುವಿಗೆ ನಿದ್ದೆಯ ಹೊತ್ತೂ ಅದೇ; ಕುರ್ಚಿಯಲ್ಲಿ ಒಂದೇ ಭಂಗಿಯಲ್ಲಿ ಕುಳಿತ ಹಿರಿಯರಿಗೆ ಮೈ ಚಾಚಲೇಬೇಕಾದ ಹೊತ್ತೂ ಅದೇ. ಈ ಮೂರೂ ಕೂಡಿಬಂದದ್ದು ಅನುಕೂಲವೇ ಆಯಿತು. ಬೆಳಗಿನ ತಂಪಿನಲ್ಲಿ ನಂಜನಗೂಡು, ನಡುಹಗಲಿಗೆ ವಿಶ್ರಾಂತಿ, ಇಳಿಹೊತ್ತಿಗೆ ಸಂಗಮ. ಇದಕ್ಕೆ ನಾಲ್ಕನೆಯದನ್ನು ಸೇರಿಸಲು ನೆಂಟರಿಷ್ಟರು ಎಷ್ಟು ಒತ್ತಾಯಿಸಿದರೂ ನಾವು ಒಪ್ಪಲಿಲ್ಲ.

ದಿನವನ್ನು ಆರಿಸುವುದೂ ಮುಖ್ಯ. ಸೋಮವಾರ, ಹುಣ್ಣಿಮೆ, ರಜೆಯ ದಿನಗಳಲ್ಲಿ ನಂಜನಗೂಡಿನಲ್ಲಿ ಜನಸಂದಣಿ ಹೆಚ್ಚು. ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಎಳೆಯುವ ವೈಭವ ಕಣ್ಣಿಗೆ ಹಬ್ಬವೇ ಸರಿ. ಆದರೆ ಆ ನೂಕುನುಗ್ಗಲಿನಲ್ಲಿ ಕುರ್ಚಿಯಲ್ಲಿ ಕುಳಿತವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ನಾವು ಜಾತ್ರೆ ಕಳೆದ ಮೇಲಿನ ಒಂದು ಬುಧವಾರವನ್ನು ಗೊತ್ತುಮಾಡಿಕೊಂಡೆವು.

ವಾರ ಮೊದಲೇ ನಮ್ಮಲ್ಲೊಬ್ಬರು ಅಳತೆಯ ಟೇಪು ಹಿಡಿದು ಎರಡೂ ಊರುಗಳನ್ನು ನೋಡಿಬಂದರು. ಇದು ಅತಿಯೆಂದು ಕೆಲವರಿಗೆ ತೋರಬಹುದು. ಆದರೆ ದೂರವಾಣಿಯಲ್ಲಿ ಕೇಳಿದರೆ ದೊರೆಯುವ ಉತ್ತರವೇ ಬೇರೆ. "ಮೆಟ್ಟಿಲು ಏನೂ ಇಲ್ಲ ಸ್ವಾಮಿ, ಎರಡೇ ಎರಡು" ಎನ್ನುತ್ತಾರೆ. ನಡೆಯುವವರ ಲೆಕ್ಕದಲ್ಲಿ ಎರಡು ಮೆಟ್ಟಿಲು ಎಂದರೆ ಇಲ್ಲವೆಂದೇ ಅರ್ಥ. ಅವರು ಸುಳ್ಳು ಹೇಳುತ್ತಿಲ್ಲ. ಗಾಲಿಗೆ ಮಾತ್ರ ಎರಡು ಮೆಟ್ಟಿಲೂ ಒಂದೇ, ಇಪ್ಪತ್ತೂ ಒಂದೇ. ಆದುದರಿಂದ "ಮೆಟ್ಟಿಲಿದೆಯೇ" ಎನ್ನದೆ, "ಒಂದು ಸೈಕಲ್ಲನ್ನು ಎತ್ತದೆ ಒಳಗೆ ತಳ್ಳಿಕೊಂಡು ಹೋಗಬಹುದೇ" ಎಂದು ಕೇಳುವುದನ್ನು ರೂಢಿಸಿಕೊಂಡೆವು. ಆಗ ಸರಿಯಾದ ಉತ್ತರ ಬರುತ್ತದೆ. ಬಾಗಿಲಿನ ಅಗಲವನ್ನೂ ಅಳೆಯಬೇಕು. ಸಾಮಾನ್ಯ ಗಾಲಿಕುರ್ಚಿಯ ಅಗಲ ಸುಮಾರು 65 ಸೆಂಟಿಮೀಟರು. ಕೋಣೆಯ ಬಾಗಿಲಲ್ಲಿ ನುಗ್ಗಿದ ಕುರ್ಚಿ ಶೌಚಾಲಯದ ಬಾಗಿಲಲ್ಲಿ ನಿಂತುಬಿಡುವುದೇ ಹೆಚ್ಚು.

ಇಳಿಜಾರಿನ ಲೆಕ್ಕವೂ ಮನೆಯವರಿಗೆ ತಿಳಿದಿರುವುದು ಲೇಸು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕೆಂಬುದು ಮಾನ್ಯವಾದ ಅಳತೆ. ಅರ್ಧ ಅಡಿಯ ಒಂದು ಮೆಟ್ಟಿಲಿಗೂ ಆರು ಅಡಿಯ ಹಲಗೆ ಬೇಕಾಗುತ್ತದೆ. ಅನೇಕ ಕಡೆ ಕಟ್ಟಡದ ಮುಂದೆ ಶಾಸ್ತ್ರಕ್ಕೆ ಕಟ್ಟಿದ ಇಳಿಜಾರುಗಳು ಎಷ್ಟು ಕಡಿದಾಗಿರುತ್ತವೆಯೆಂದರೆ, ಅವುಗಳ ಮೇಲೆ ಕುರ್ಚಿ ತಳ್ಳುವುದಕ್ಕಿಂತ ಜಾರುಬಂಡೆ ಆಡುವುದು ಸುಲಭ. ಒಂದೇ ಹೊಸ್ತಿಲಾದರೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಮುಂದಿನ ಚಿಕ್ಕ ಗಾಲಿಗಳನ್ನು ಮೊದಲು ದಾಟಿಸಿ, ಬಳಿಕ ದೊಡ್ಡ ಗಾಲಿಗಳನ್ನು ತಳ್ಳಬೇಕು. ಇಳಿಸುವಾಗ ಹಿಮ್ಮುಖವಾಗಿಯೇ ಇಳಿಸಬೇಕು. ಮುಂದಾಗಿ ಇಳಿಸಿದರೆ ಕುಳಿತವರು ಮುಗ್ಗರಿಸುತ್ತಾರೆ. "ಬನ್ನಿ, ನಾಲ್ಕು ಜನ ಎತ್ಕೊಂಡು ಹೋಗ್ಬಿಡೋಣ" ಎಂದು ಅಪರಿಚಿತರು ಪ್ರೀತಿಯಿಂದಲೇ ಓಡಿಬರುತ್ತಾರೆ. ಅವರ ಕೈ ಮೊದಲು ಹೋಗುವುದು ಕುರ್ಚಿಯ ತೋಳಿಗೆ ಮತ್ತು ಪಾದದ ಹಲಗೆಗೆ. ಎಷ್ಟೋ ಕುರ್ಚಿಗಳಲ್ಲಿ ಈ ಎರಡೂ ಕಳಚಿಬರುವ ಭಾಗಗಳು. ಎತ್ತಲೇಬೇಕಾದರೆ ಚೌಕಟ್ಟನ್ನು ಹಿಡಿಯಬೇಕು. ಅದಕ್ಕೂ ಮೊದಲು ಕುಳಿತವರನ್ನು ಕೇಳಬೇಕು. ತಾಯಿಯವರು ಈ ವಿಷಯದಲ್ಲಿ ಕಟ್ಟುನಿಟ್ಟು: "ನಾನೇನು ಮೂಟೆಯೇ? ತಳ್ಳುವ ಕಡೆಗೆ ಬರುತ್ತೇನೆ, ಹೊರುವ ಕಡೆಗೆ ಬರುವುದಿಲ್ಲ." ನಮ್ಮ ಇಡೀ ಏರ್ಪಾಡು ಈ ಒಂದು ಮಾತಿನ ಮೇಲೆ ನಿಂತಿತು.

ಮೈಸೂರಿನಿಂದ ನಂಜನಗೂಡು ಸುಮಾರು 25 ಕಿಲೋಮೀಟರು. ಚಾಮರಾಜನಗರದ ರೈಲೂ ಇದೇ ದಾರಿಯಲ್ಲಿ ಹೋಗುತ್ತದೆ. ಆದರೆ ಬೋಗಿಯ ಮೆಟ್ಟಿಲುಗಳನ್ನು ನೆನೆದು, ಮಡಚಿದ ಕುರ್ಚಿಯನ್ನು ಹಿಂದೆ ಇಟ್ಟುಕೊಳ್ಳಬಹುದಾದ ವಾಹನವನ್ನೇ ಗೊತ್ತುಮಾಡಿದೆವು. ಊರಿನ ಹೊರವಲಯದಲ್ಲಿ ಕಪಿಲೆಗೆ ಅಡ್ಡಲಾಗಿ 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ ಕಲ್ಲಿನ ಹಳೆಯ ಸೇತುವೆಯಿದೆ. ಒಂದು ಕಾಲದಲ್ಲಿ ಬಂಡಿಯೂ ರೈಲೂ ಅದರ ಮೇಲೆಯೇ ಓಡಾಡುತ್ತಿದ್ದವು. ಈಗ ಅದಕ್ಕೆ ವಿಶ್ರಾಂತಿ. ವಾಹನದಿಂದ ಇಳಿಯದೆಯೇ ನೋಡಬಹುದಾದ ಇಂತಹ ಸ್ಥಳಗಳನ್ನು ನಮ್ಮಂಥವರು ಕೈಬಿಡಬಾರದು.

ಶ್ರೀಕಂಠೇಶ್ವರನ ದೇವಾಲಯ ಕರ್ನಾಟಕದ ಅತಿ ವಿಸ್ತಾರವಾದ ಗುಡಿಗಳಲ್ಲೊಂದು; ಉದ್ದ 385 ಅಡಿ, ಅಗಲ 160 ಅಡಿ, ಕಂಬಗಳು 147. ಏಳು ನೆಲೆಗಳ ರಾಜಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು 19ನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದರು. ಸುಮಾರು 120 ಅಡಿ ಎತ್ತರದ ಈ ಗೋಪುರದ ಬುಡದಲ್ಲಿ ಕುರ್ಚಿಯನ್ನು ನಿಲ್ಲಿಸಿದರೆ ಕುಳಿತವರಿಗೆ ಬಾಗಿಲಷ್ಟೇ ಕಾಣುತ್ತದೆ. ಪಾರ್ಶ್ವವಾಯುವಾದವರು ಕತ್ತನ್ನು ಹಿಂದಕ್ಕೆ ಚಾಚಲಾರರು. ನೂರು ಹೆಜ್ಜೆ ಹಿಂದಕ್ಕೆ ಬಂದು ನಿಲ್ಲಿಸಿದಾಗ ಹೊನ್ನಿನ ಕಲಶಗಳೆಲ್ಲ ತಾವಾಗಿ ಕಣ್ಣಿಗೆ ಬಿದ್ದವು. ತಾಯಿಯವರು ಅಲ್ಲಿ ಬಹಳ ಹೊತ್ತು ಕುಳಿತರು. ಅವರನ್ನು ಅವಸರಪಡಿಸದಿರಲು ಸಮಯವಿತ್ತು. ಕಡಿಮೆ ಸ್ಥಳಗಳನ್ನು ಇಟ್ಟುಕೊಂಡ ಲಾಭವೇ ಇದು.

ಬೀದಿಯಲ್ಲಿ ಉರುಳಿದ ಗಾಲಿ ಗುಡಿಯೊಳಗೆ ಬರಬಹುದೇ ಎಂಬ ಪ್ರಶ್ನೆ ಎಲ್ಲ ಕಡೆಯೂ ಏಳುತ್ತದೆ. ದೇವಸ್ಥಾನದ ಕಚೇರಿಯಲ್ಲಿ ಮುಂಚಿತವಾಗಿ ಕೇಳಿಕೊಳ್ಳಬೇಕು. ಒಂದು ಬಾಟಲಿ ನೀರನ್ನೂ ಒದ್ದೆ ಬಟ್ಟೆಯನ್ನೂ ಇಟ್ಟುಕೊಂಡು ಗಾಲಿಗಳನ್ನು ಅಲ್ಲಿಯೇ ತೊಳೆದು ಒರೆಸಿದರೆ ಮಾತಿಗೆ ಅವಕಾಶವಿರುವುದಿಲ್ಲ. ಒಳಗೆ ತಾಯಿಯವರ ಮನಸ್ಸನ್ನು ಸೆಳೆದವರು ಸಾಲಾಗಿ ನಿಂತ ಅರವತ್ತುಮೂವರು ಪುರಾತನರು. ಕಣ್ಣಪ್ಪ, ಸಿರಿಯಾಳ, ಕಾರೈಕ್ಕಾಲಮ್ಮೆ ಎಂದು ಅವರು ಹೆಸರು ಹೇಳುತ್ತ ಹೋದರು. ಮಗು ಪ್ರತಿಯೊಬ್ಬರಿಗೂ ಕೈಮುಗಿಯುತ್ತ ಹೋಯಿತು. ಹರಿಹರ ಕವಿಯ ರಗಳೆಗಳ ಮೂಲಕ ನಮ್ಮ ಮನೆಗಳಿಗೆ ಬಂದ ಈ ಶರಣರಲ್ಲಿ ರಾಜರೂ ಬೇಡರೂ ಕುಂಬಾರರೂ ಇದ್ದಾರೆ.

ನಂಜುಂಡನಿಗೆ ಹಕೀಂ ನಂಜುಂಡ ಎಂಬ ಹೆಸರೂ ಉಂಟು. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ಇಲ್ಲಿ ಹರಕೆ ಹೊತ್ತು ವಾಸಿಯಾಯಿತೆಂದೂ, ಅದಕ್ಕಾಗಿ ಅವನು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಪ್ರತೀತಿ. ರೋಗ ಕಳೆಯುವ ವೈದ್ಯನೆಂದು ನಂಬಿ ಶತಮಾನಗಳಿಂದ ರೋಗಿಗಳು ಬರುತ್ತಿರುವ ಕ್ಷೇತ್ರವಿದು. ವೈದ್ಯನ ಬಳಿಗೆ ಗಟ್ಟಿಮುಟ್ಟಾದವರು ಮಾತ್ರ ತಲುಪಬಲ್ಲರೆಂದರೆ ಅದಕ್ಕೇನು ಹೇಳುವುದು? ಈ ಮಾತು ಒಂದು ಗುಡಿಯದಲ್ಲ; ನಾಡಿನ ಗುಡಿ, ಮಠ, ಕಲ್ಯಾಣಮಂಟಪಗಳೆಲ್ಲದರದು. ಅಂಗವಿಕಲರ ಹಕ್ಕುಗಳ ಕಾಯ್ದೆ 1995ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ಬಂದಿತು. ಪ್ರವೇಶಸೌಕರ್ಯದ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಹಳೆಯ ಶಿಲ್ಪಕ್ಕೆ ಕೈಹಚ್ಚಬಾರದೆಂಬುದು ನಿಜ. ಎತ್ತಿ ತೆಗೆಯಬಹುದಾದ ಒಂದು ಮರದ ಇಳಿಜಾರಿನಿಂದ ಯಾವ ಶಿಲ್ಪವೂ ಕೆಡುವುದಿಲ್ಲ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಪ್ರಯಾಣವೆಂದರೆ ಅನೇಕ ಹಿರಿಯರು, ವಿಶೇಷವಾಗಿ ಹೆಂಗಸರು, ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ದಾರಿಯಲ್ಲಿ ಶೌಚಕ್ಕೆ ಯಾರನ್ನು ಕೇಳುವುದು, ಯಾರು ಎತ್ತಿ ಕೂರಿಸುವುದು ಎಂಬ ಅಂಜಿಕೆ. ಬಿಸಿಲಿನಲ್ಲಿ ಇದು ಅಪಾಯದ ಉಪವಾಸ. ತಾಯಿಯವರಿಗೆ ಹೊರಡುವ ಮುನ್ನಾದಿನವೇ ವಿವರವಾಗಿ ಹೇಳಿದ್ದೆವು: ಇಂತಹ ಹೊತ್ತಿಗೆ ಇಂತಹ ಕಡೆ ನಿಲ್ಲುತ್ತೇವೆ, ಅಲ್ಲಿ ನೆಲಮಹಡಿಯ ಕೋಣೆಯಿದೆ, ಬಾಗಿಲು ಅಳೆದಿದ್ದೇವೆ, ಕಮೋಡಿದೆ. ಅದನ್ನು ಕೇಳಿದ ಮೇಲೆಯೇ ಅವರು ಬೆಳಗಿನ ಕಾಫಿ ಕುಡಿದುದು. ಗೊತ್ತುಮಾಡಿದ ಆ ಕೋಣೆಯ ಬಾಡಿಗೆ ಇಡೀ ದಿನದ ವೆಚ್ಚದಲ್ಲಿ ಅತ್ಯಂತ ಸಾರ್ಥಕವಾದುದೆಂದು ನಮ್ಮ ಅಭಿಪ್ರಾಯ. ಅಲ್ಲಿಯೇ ಮಗು ಮಲಗಿತು, ತಾಯಿಯವರೂ ಬೆನ್ನು ಚಾಚಿದರು. ಅರ್ಧ ಗಂಟೆಗೊಮ್ಮೆ ಕುಳಿತವರ ಭಾರವನ್ನು ಒಂದಿಷ್ಟು ಅತ್ತಿತ್ತ ಸರಿಸದಿದ್ದರೆ ಒತ್ತುಹುಣ್ಣಾಗುವ ಭಯವಿರುತ್ತದೆ. ಮೆತ್ತನೆಯ ದಿಂಬು ಹಾಕಿದ ಮಾತ್ರಕ್ಕೆ ಅದು ತಪ್ಪುವುದಿಲ್ಲ.

ಮಗುವಿನ ವಿಷಯ ಇದಕ್ಕೆ ತದ್ವಿರುದ್ಧ. ಒಬ್ಬರನ್ನು ಹೇಗೆ ಮುಂದೆ ಸಾಗಿಸುವುದೆಂದು ಯೋಚಿಸುವಾಗ ಇನ್ನೊಂದನ್ನು ಹೇಗೆ ತಡೆಯುವುದೆಂದು ಯೋಚಿಸಬೇಕು. ಸೋಪಾನಕಟ್ಟೆಯ ಮೆಟ್ಟಿಲುಗಳು ನೀರಿನವರೆಗೂ ಇಳಿಯುತ್ತವೆ, ಪಾಚಿಯಿಂದ ಜಾರುತ್ತವೆ. ಕುರ್ಚಿ ತಳ್ಳುವವರು ಮಗುವಿನ ಕೈ ಹಿಡಿಯಬಾರದೆಂದು ನಿಯಮ ಮಾಡಿಕೊಂಡೆವು. ಅಪಾಯದ ಗಳಿಗೆಯಲ್ಲಿ ಎರಡರಲ್ಲೊಂದನ್ನು ಬಿಡಬೇಕಾಗುತ್ತದೆ. ಕುರ್ಚಿಗೊಬ್ಬರು, ಮಗುವಿಗೊಬ್ಬರು, ಚೀಲ ಚಪ್ಪಲಿ ಹಣ್ಣುಕಾಯಿಗೆ ಮತ್ತೊಬ್ಬರು. ಸಮತಟ್ಟಾದ ಕಡೆ ಮಗು ಅಜ್ಜಿಯ ಮಡಿಲೇರುತ್ತಿತ್ತು. ಇಳಿಜಾರಿನಲ್ಲಿ ಮಾತ್ರ ಎಷ್ಟು ಅತ್ತರೂ ಇಳಿಸುತ್ತಿದ್ದೆವು. ಮುಡಿ ತೆಗೆಯುವಾಗ ಕುರ್ಚಿಯನ್ನು ಮೇಲಿನ ಮಟ್ಟದಲ್ಲಿ, ನೆರಳಿನಲ್ಲಿ, ಎರಡೂ ಬ್ರೇಕು ಹಾಕಿ ನಿಲ್ಲಿಸಿ, ಸೋದರಮಾವನನ್ನೇ ಮೇಲಕ್ಕೆ ಕರೆದು ಎದುರಿಗೆ ಕೂರಿಸಿದೆವು. ಕೂದಲು ಅಜ್ಜಿಯ ಸೆರಗಿಗೂ ಒಂದಿಷ್ಟು ಬಿತ್ತು. ಅದನ್ನು ಕೊಡವಲು ಅವರು ಒಪ್ಪಲಿಲ್ಲ.

ನಂಜನಗೂಡು ತಾಲೂಕಿನಲ್ಲಿಯೇ, ಕಪಿಲೆಯ ತೀರದಲ್ಲಿಯೇ ಸುತ್ತೂರಿನ ವೀರಸಿಂಹಾಸನ ಮಠವಿದೆ. ಆದಿ ಜಗದ್ಗುರು ಶಿವರಾತ್ರೀಶ್ವರ ಶಿವಯೋಗಿಗಳ ಜಾತ್ರೆ ಪುಷ್ಯಮಾಸದಲ್ಲಿ ನಡೆಯುತ್ತದೆ. ಆಗ ಲಕ್ಷಾಂತರ ಮಂದಿಗೆ ದಾಸೋಹ. ಜಾತ್ರೆಯಿಲ್ಲದ ದಿನಗಳ ಶಾಂತಿ ನಮ್ಮಂಥವರಿಗೆ ಹೆಚ್ಚು ಅನುಕೂಲ. ಆದರೆ ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡು ನೇರವಾಗಿ ನರಸೀಪುರಕ್ಕೆ ಹೋದೆವು.

ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಮೂರನೆಯದು. 1989ರಿಂದ ಇಲ್ಲಿ ಸಾಮಾನ್ಯವಾಗಿ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ನಡೆಯುತ್ತ ಬಂದಿದೆ. 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಒಂದು ದಡದಲ್ಲಿ ಅಗಸ್ತ್ಯೇಶ್ವರ, ಇನ್ನೊಂದರಲ್ಲಿ ಗುಂಜಾನರಸಿಂಹ. ಈ ನರಸಿಂಹನ ಕೈಯಲ್ಲಿ ಒಂದು ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರ ಗುಲಗಂಜಿಯಷ್ಟು ಹೆಚ್ಚಿನದೆಂದು ಅದರ ಅರ್ಥವಂತೆ. ಕಾಶಿಗೆ ಹೋಗಲಾರದವರ ಸಮಾಧಾನಕ್ಕೆ ಹುಟ್ಟಿದ ಮಾತಾಗಿರಬಹುದು. ಆದರೂ ಮಾತು ಸೊಗಸಾಗಿದೆ. ನಾವು ನೀರಿಗೆ ಇಳಿಯಲಿಲ್ಲ. ಗಟ್ಟಿ ನೆಲವಿರುವ ಎತ್ತರದ ಜಾಗದಲ್ಲಿ ಕುರ್ಚಿ ನಿಲ್ಲಿಸಿ ಎರಡು ನೀರು ಒಂದಾಗುವುದನ್ನು ನೋಡಿದೆವು. ಒಂದು ತಂಬಿಗೆ ನೀರು ತಂದು ತಾಯಿಯವರ ಪಾದಕ್ಕೂ ಎಡಗೈಗೂ ಹಾಕಿದೆವು. ಆ ಕೈಗೆ ತಣ್ಣನೆಯದು ಮಾತ್ರ ತಿಳಿಯುತ್ತದೆ. ಬೋಳುತಲೆಗೆ ಗಂಧ ಹಚ್ಚಿಕೊಂಡ ಮಗು ತನಗೂ ಬೇಕೆಂದು ಕೈ ಚಾಚಿತು.

ಇದೇ ತಾಲೂಕಿನ ತಲಕಾಡನ್ನು ಕೈಬಿಡಲು ಕಾರಣ ಮರಳು. ಗಾಲಿ ಮರಳಿನಲ್ಲಿ ಹೂಳುತ್ತದೆ, ಕೆಲವು ಗುಡಿಗಳಿಗೆ ತಗ್ಗಿಗೆ ಇಳಿಯಬೇಕು. ಸೋಮನಾಥಪುರದ ಮಾತು ಬೇರೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಆ ಕೇಶವಾಲಯ, ಬೇಲೂರು ಹಳೇಬೀಡುಗಳೊಡನೆ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗುಡಿ ಜಗತಿಯ ಮೇಲಿರುವುದರಿಂದ ಒಳಕ್ಕೆ ಹೋಗಲು ಮೆಟ್ಟಿಲು ಹತ್ತಲೇಬೇಕು. ಆದರೆ ಅಲ್ಲಿನ ಶಿಲ್ಪದ ದೊಡ್ಡ ಪಾಲು ಹೊರಗೋಡೆಯಲ್ಲಿದೆ. ಅಂಗಳಕ್ಕೆ ಕುರ್ಚಿ ಬಂದರೆ ಆನೆ, ಕುದುರೆ, ರಾಮಾಯಣ, ಭಾರತಗಳ ಪಟ್ಟಿಗಳನ್ನು ಕುಳಿತಲ್ಲಿಂದಲೇ ಸಾವಕಾಶವಾಗಿ ನೋಡಬಹುದು. ಕಾರ್ತೀಕದ ತಂಪಿಗೆ ಅಲ್ಲಿಗೆ ಹೋಗುವುದೆಂದು ತಾಯಿಯವರೇ ಗೊತ್ತುಮಾಡಿದ್ದಾರೆ. ಹೊರಬಾಗಿಲಿನ ಅಳತೆಗೆ ಮುಂದಿನ ವಾರ ಟೇಪಿನೊಡನೆ ನಮ್ಮಲ್ಲೊಬ್ಬರು ಹೊರಡುವವರಿದ್ದಾರೆ.