ಮಹಡಿಯ ಮೇಲಿನ ಏಳು ಪೆಟ್ಟು

ಮೊನ್ನೆ ಶುಕ್ರವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು ಒಂದು ಕಾಗದ ಹಿಡ್ಕೊಂಡು ಬಂದರು. ಮೇಲಿನ ಪೆಂಟ್‌ಹೌಸಿನ ನಾಲ್ಕು ಹುಡುಗರನ್ನ ಖಾಲಿ ಮಾಡಿಸಬೇಕು ಅಂತ ಒಕ್ಕಣೆ. ಕಾರಣ ಕೇಳಬೇಕಾಗಿರಲಿಲ್ಲ. ಡ್ರಮ್ಮು, ಗಿಟಾರು, ದಿನಾ ರಾತ್ರಿ ಹತ್ತರವರೆಗೆ. ನಮ್ಮ ಮನೆ ಸರಿಯಾಗಿ ಅದರ ಕೆಳಗೇ ಇದೆ. ಪೂರ್ತಿ ಓದದೇ ಸಹಿ ಹಾಕಿಬಿಟ್ಟೆ.

"ಒಂದು ಮಾತು ಆ ಹುಡುಗರಿಗೇ ಹೇಳಬಹುದಿತ್ತಲ್ವಾ?" ಅಂದಳು ನನ್ನಾಕೆ. ನಾನು ಪೇಪರ್ ಅಡ್ಡ ಹಿಡಿದುಕೊಂಡೆ. 1984ರಲ್ಲಿ ಬ್ಯಾಂಕಿನ ಕೆಲಸಕ್ಕೆ ಅಂತ ಈ ಊರಿಗೆ ಬಂದಾಗ ಇದೇ ಹಿಮಾಯತ್‌ನಗರದ ಗಲ್ಲಿ ಗಲ್ಲಿ ಅಲೆದವನು ನಾನು. ಮದುವೆಯಾಗದವನಿಗೆ ಮನೆ ಕೊಡಲ್ಲ ಅಂತ ಎಷ್ಟು ಬಾಗಿಲು ಮುಚ್ಚಿದವೋ! ಅದೆಲ್ಲ ಮರೆತುಹೋಗತ್ತೆ ನೋಡಿ, ಸ್ವಂತ ಫ್ಲ್ಯಾಟ್ ಆದಮೇಲೆ.

ಶನಿವಾರ ರಾತ್ರಿ ತಲೆನೋವು. ಬೈದೇ ಬರೋಣ ಅಂತ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಡ್ರಮ್ಮಿನ ಹುಡುಗ ಕಡ್ಡಿಗಳನ್ನ ಕೆಳಗಿಟ್ಟು, ತೊಡೆ ತಟ್ಟುತ್ತಾ ಬಾಯಲ್ಲಿ ಹೇಳ್ತಿದ್ದ: "ತಕಿಟ ತಕಧಿಮಿ, ತಕಿಟ ತಕಧಿಮಿ".

ನಾನು ಬೈಯೋಕೆ ಬಂದದ್ದೇ ಮರೆತೆ. ಮಿಶ್ರಛಾಪು! ಮೂರು, ನಾಲ್ಕು, ಒಟ್ಟು ಏಳು. ತಿಪಟೂರಿನಲ್ಲಿ ಎರಡು ವರ್ಷ ಮೃದಂಗ ಕಲಿತು, ಎಸ್ಸೆಸ್ಸೆಲ್ಸಿ ನೆಪದಲ್ಲಿ ಬಿಟ್ಟವನು ನಾನು. ಕೈ ತಾನಾಗೇ ತಾಳ ಹಾಕಿತು. ಹುಡುಗ ನೋಡಿದ.

"ಮೀದಿ ಬೆಂಗಳೂರಾ ಅಂಕುಲ್?" ಅಂದ. ನನ್ನ ತೆಲುಗು ನಲವತ್ತು ವರ್ಷವಾದರೂ ನನ್ನನ್ನ ಬಿಟ್ಟುಕೊಡತ್ತೆ! ಓದಿದ್ದು ಅಲ್ಲೇ, 78ರಿಂದ 82ರವರೆಗೆ ಅಂದೆ. ಅವನ ಕಣ್ಣು ಅರಳಿತು. "ಹಾಗಾದ್ರೆ ಟಿ.ಎ.ಎಸ್. ಮಣಿ ಅವರನ್ನ ನೋಡಿದ್ದೀರಾ? ಎಂಬ್ರಿಯೋ ಜೊತೆ ನುಡಿಸಿದವರು?"

ನೋಡಿರಲಿಲ್ಲ. ಎಂಬ್ರಿಯೋ ಅಂದ್ರೆ ಏನು ಅಂತಲೂ ಗೊತ್ತಿರಲಿಲ್ಲ.

ಆಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅವನೇ ಹೇಳಿದ. ಮನೆಗೆ ಬಂದು ನಾನೂ ಹುಡುಕಿ ಓದಿದೆ, ಕೇಳಿದೆ. ಮೂರು ನಿಮಿಷದ ಹಾಡು, ನಾಲ್ಕರ ತಾಳ ಇಷ್ಟೇ ಸಾಲದು ಅಂತ ಹೊರಟ ರಾಕ್ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಅಂತಾರೆ. ಪಿಂಕ್ ಫ್ಲಾಯ್ಡ್‌ನವರ 1973ರ 'ಮನಿ' ಹಾಡಿನ ಬಹುಭಾಗ ಏಳರ ಲೆಕ್ಕದಲ್ಲೇ ಇದೆಯಂತೆ. ಜರ್ಮನಿಯ ಮ್ಯೂನಿಕ್‌ನಲ್ಲಿ 1969ರಲ್ಲಿ ಕ್ರಿಸ್ಟಿಯಾನ್ ಬರ್ಚಾರ್ಡ್ ಕಟ್ಟಿದ ಎಂಬ್ರಿಯೋ ಇನ್ನೂ ಹುಚ್ಚು ತಂಡ. ರಾಕ್, ಜಾಜ್, ಯಾವ ದೇಶದ ವಾದ್ಯ ಸಿಕ್ಕರೂ ಸೈ. 1978ರಲ್ಲಿ ಬಸ್ಸಿನಲ್ಲಿ ಹೊರಟು, ಅಫ್ಘಾನಿಸ್ತಾನ ದಾಟಿ, ದಾರಿಯುದ್ದಕ್ಕೂ ಅಲ್ಲಲ್ಲಿಯವರ ಜೊತೆ ನುಡಿಸುತ್ತಾ ಇಂಡಿಯಾಕ್ಕೆ ಬಂದರು. ಆ ಪ್ರಯಾಣದ ಮೇಲೆ ಒಂದು ಜೋಡಿ ಎಲ್‌ಪಿ, ಒಂದು ಸಿನಿಮಾ ಆಯ್ತು.

ಇತ್ತ ಬೆಂಗಳೂರಿನಲ್ಲಿ ವಿದ್ವಾನ್ ಮಣಿ 1964ರಲ್ಲೇ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಅಂತ ಶುರು ಮಾಡಿದ್ದರು. ಮೃದಂಗ, ಘಟ, ಖಂಜಿರ, ಮೋರ್ಚಿಂಗ್, ಕೊನ್ನಕೋಲು. ಕಚೇರಿಯಲ್ಲಿ ಪಕ್ಕವಾದ್ಯ ಅಂತ ಬದಿಗೆ ಕೂರುವವುಗಳಿಗೇ ಒಂದು ಶಾಲೆ. ಹ್ಯೂಮನ್ ಬಾಂಡೇಜ್ ಅನ್ನೋ ರಾಕ್ ತಂಡದ ಡ್ರಮ್ಮರ್ ರಮೇಶ್ ಶೋಥಮ್ ಕೂಡ ಇಲ್ಲಿ ಬಂದು ಕಲಿತವರೇ. ರಾಕ್ ಡ್ರಮ್ಮರು ವಿದ್ವಾಂಸರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತದ್ದನ್ನ ಊಹಿಸಿಕೊಳ್ಳಿ!

ಈ ಶಾಲೆ ಎಂಬ್ರಿಯೋ ಜೊತೆ ನುಡಿಸಿತು. ಎಂಬ್ರಿಯೋದಿಂದ ಹೊರಬಂದವರು ಕಟ್ಟಿದ ಡಿಸಿಡೆಂಟನ್ ಜೊತೆ 1982ರಲ್ಲಿ 'ಜರ್ಮನಿಸ್ತಾನ್' ಮಾಡಿತು. 1983ರಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 'ಜ್ಯೋತಿ' ಅನ್ನೋ ಎಲ್‌ಪಿ, ಅದೂ ಇಸಿಎಮ್‌ನಂಥ ಕಂಪನಿಯಿಂದ. ಹಾಡಿದ್ದು ಮಣಿಯವರ ಪತ್ನಿ ಆರ್.ಎ. ರಮಾಮಣಿ. ಆವತ್ತು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕೇಳಿದೆ. ಎಲ್ಲೂ ಅವಸರವಿಲ್ಲ. ಆಕೆ ತನ್ನ ದಾರಿ ಬಿಟ್ಟಿಲ್ಲ, ಆತ ಶಾಸ್ತ್ರೀಯನಾಗೋ ಸೋಗು ಹಾಕಿಲ್ಲ. ಆದರೂ ಇಬ್ಬರೂ ಒಟ್ಟಿಗೆ ಇದ್ದಾರೆ.

ನಾನು ಆ ಊರಲ್ಲೇ ಇದ್ದ ವರ್ಷಗಳು ಅವು. ರಾಕ್ ಅಂದ್ರೆ ಗಲಾಟೆ, ಮೃದಂಗ ಅಂದ್ರೆ ರಾಮೋತ್ಸವ ಅಂದುಕೊಂಡು ಎರಡನ್ನೂ ಬಿಟ್ಟು ಬಂದೆ. ಇಲ್ಲಿ ನಾವು ಕನ್ನಡದವರು ರಾಜ್ಯೋತ್ಸವಕ್ಕೆ ಸೇರಿ ವರ್ಷಾ ವರ್ಷಾ ಅವೇ ಭಾವಗೀತೆ ಹಾಡಿಸಿ, ನಮ್ಮದನ್ನ ಉಳಿಸಿಕೊಂಡೆವು ಅಂತ ಸಮಾಧಾನ ಪಡ್ತೀವಿ. ತಪ್ಪಲ್ಲ. ಆದರೆ ಹೊರಗಿನವರ ಜೊತೆ ಕೂತು ನುಡಿಸಿದ್ದರಿಂದಲೇ ನಮ್ಮ ಮಿಶ್ರಛಾಪು ಮ್ಯೂನಿಕ್ ಸುತ್ತಿ, ನನ್ನ ತಲೆ ಮೇಲಿನ ಮಹಡಿಗೇ ಬಂದು ಕೂತಿತ್ತು. ಅದನ್ನ ಖಾಲಿ ಮಾಡಿಸೋಕೆ ನಾನು ಸಹಿ ಹಾಕಿದ್ದೆ!

ಭಾನುವಾರ ಮೀಟಿಂಗಿನಲ್ಲಿ ನನ್ನ ಸಹಿ ಹೊಡೆದು ಹಾಕಿದೆ. ಅಧ್ಯಕ್ಷರ ಮುಖ ಕೆಂಪಾಯ್ತು. "ಮೊನ್ನೆ ನೀವೇ ಅಲ್ವಾ ಸ್ವಾಮಿ?" ಅಂದರು. ಹೌದು, ನಾನೇ. ಕೊನೆಗೆ ಎಂಟೂವರೆಗೆ ನಿಲ್ಲಿಸಬೇಕು, ಗೋಡೆಗೆ ಹಳೇ ಹಾಸಿಗೆ ಕಟ್ಟಬೇಕು, ಪರೀಕ್ಷೆ ದಿನಗಳಲ್ಲಿ ಸದ್ದೇ ಇರಬಾರದು ಅಂತ ಆಯ್ತು. ಹುಡುಗರು ಒಪ್ಪಿದರು. ಅವರ ತಂಡಕ್ಕೆ ಇನ್ನೂ ಹೆಸರಿಲ್ಲ, ಒಂದು ಕಾರ್ಯಕ್ರಮವೂ ಕೊಟ್ಟಿಲ್ಲ. ಮುಂದೆ ಏನಾಗ್ತಾರೋ ಯಾರಿಗೆ ಗೊತ್ತು.

ಈಗ ಅವರದೊಂದು ಹೊಸ ಕಸರತ್ತು. ಗಿಟಾರಿನವನು ಎಂಟು ಎಣಿಸ್ತಾನೆ, ಡ್ರಮ್ಮಿನವನು ಏಳು. ಐವತ್ತಾರು ಪೆಟ್ಟು ಮುಗಿದರೆ ಇಬ್ಬರೂ ಮತ್ತೆ ಒಂದೇ ಕಡೆ ಬಂದು ನಿಲ್ಲಬೇಕು. ಸಂಜೆ ಕಾಫಿ ಹಿಡ್ಕೊಂಡು ನಾನೂ ಕೆಳಗೆ ಎಣಿಸ್ತಾ ಕೂರ್ತೀನಿ. ಸಾಮಾನ್ಯವಾಗಿ ಮೂವತ್ತರ ಹತ್ತಿರ ನನಗೆ ತಪ್ಪತ್ತೆ. ಅಡುಗೆಮನೆಯಿಂದ ನನ್ನಾಕೆ, "ನಲವತ್ತೊಂದು" ಅಂತಾಳೆ.