ತಲಕಟ್ಟು ಎಲ್ಲಿ ಹೋಯಿತು

6 ಜೂನ್ 2025, ಶುಕ್ರವಾರ. ಹೊಸಹಳ್ಳಿ

ಕಂಪನಿ ಕಳಿಸಿದ ಹೊಸ ಲ್ಯಾಪ್‌ಟಾಪು ಬಂತು. ಒಳಗಿರುವ ಪ್ರೊಸೆಸರು ಇಂಟೆಲ್ ಅಲ್ಲ, ಆರ್ಮ್. ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್, ವಿಂಡೋಸ್ 11. ಮಧ್ಯಾಹ್ನ ಊಟದ ಹೊತ್ತಿಗೆ ಹೋದ ಕರೆಂಟು ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಹಳೆಯ ಯಂತ್ರವಾಗಿದ್ದರೆ ಯುಪಿಎಸ್ ಕೂಗಿ ಕೂಗಿ ಸುಮ್ಮನಾಗುತ್ತಿತ್ತು. ನಾನೂ ಹೆದ್ದಾರಿ ಬದಿಯ ಹೋಟೆಲಿನ ಜನರೇಟರ್ ಹುಡುಕಿಕೊಂಡು ಹೋಗಬೇಕಿತ್ತು. ಇವತ್ತು ಜಗುಲಿಯ ಮೇಲೆ ಕೂತು ಕೆಲಸ ಮುಗಿಸಿದೆ, ಬ್ಯಾಟರಿ ಇನ್ನೂ ಅರ್ಧದ ಮೇಲಿತ್ತು.

ಅಪ್ಪ ಬಂದು ಅಂಗೈಯಿಂದ ಅದರ ಬೆನ್ನು ಮುಟ್ಟಿ ನೋಡಿದ. ‘ನಮ್ ಫೋನಾಗ ಇರೋದೇ ಇದರಾಗೂ ಐತಾ? ಹಂಗಾದ್ರೆ ಬಿಸಿ ಆಗಂಗಿಲ್ಲ ಬಿಡು.’ ಅಪ್ಪನ ಮಾತು ಸರಿಯಾಗಿಯೇ ಇದೆ. 1985ರಲ್ಲಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ರೂಪಿಸಿದ ಪುಟ್ಟ ಆರ್ಮ್ ಚಿಪ್ಪಿನ ವಂಶವೇ ಈಗ ಊರೂರಿನ ಫೋನುಗಳಲ್ಲಿ ಇರುವುದು. ಕಡಿಮೆ ಕರೆಂಟು ತಿನ್ನುವುದು ಅದರ ಹುಟ್ಟುಗುಣ. ನಮ್ಮಂಥ ಊರಿನಲ್ಲಿ ಕೂತು ಕೋಡ್ ಬರೆಯುವವರಿಗೆ ಬೇಕಾದದ್ದೂ ಅದೇ.

8 ಜೂನ್, ಭಾನುವಾರ

ಇವತ್ತೆಲ್ಲ ಜೋಡಿಸುವ ಕೆಲಸ. ವಿಎಸ್ ಕೋಡ್, ವಿಷುಯಲ್ ಸ್ಟುಡಿಯೋ ತಕರಾರಿಲ್ಲದೆ ಕೂತವು. ವಿಷುಯಲ್ ಸ್ಟುಡಿಯೋಗೆ ಆರ್ಮ್ ಆವೃತ್ತಿ ಬಂದದ್ದು 2022ರ ನವೆಂಬರಿನಲ್ಲಿ. ನೋಡ್ 20ರಿಂದ ಅಧಿಕೃತವಾಗಿ ಸಿಗುತ್ತದೆ, ಪೈಥಾನ್ 3.11ರಿಂದ. ನಮ್‌ಪೈಯಂತೂ ನಿನ್ನೆ ತಾನೆ ಬಂದ 2.3ರಲ್ಲಿ ವಿಂಡೋಸ್ ಆರ್ಮ್‌ಗೆಂದೇ ಕಟ್ಟಿದ ಪೊಟ್ಟಣ ಕೊಟ್ಟಿದೆ. ವರ್ಷದ ಹಿಂದೆ ಈ ಯಂತ್ರ ಬಂದಿದ್ದರೆ ಅದನ್ನು ನಾನೇ ಕಂಪೈಲ್ ಮಾಡಿಕೊಳ್ಳಬೇಕಿತ್ತು.

ಎಸ್‌ಕ್ಯೂಎಲ್ ಸರ್ವರ್‌ಗೆ ಆರ್ಮ್ ಆವೃತ್ತಿ ಇಲ್ಲ. ಆಫೀಸಿನ ಸರ್ವರ್‌ಗೇ ಜೋಡಿಸಿಕೊಂಡು ಕೆಲಸ ಮಾಡಬೇಕು, ಅಂದರೆ ನೆಟ್ ಹೋದರೆ ಆ ಕೆಲಸವೂ ನಿಂತಿತು. ಪೋಸ್ಟ್‌ಗ್ರೆಸ್ ಬಳಸುವ ಪ್ರಾಜೆಕ್ಟಿಗೆ ಈ ಕಷ್ಟವಿಲ್ಲ. ಅದರ ಡಾಕರ್ ಇಮೇಜು ಎರಡೂ ಬಗೆಯ ಪ್ರೊಸೆಸರಿಗೆ ಸಿಗುತ್ತದೆ.

ಇಂಟೆಲ್‌ಗೆಂದೇ ಕಟ್ಟಿದ ಹಳೆಯ ಪ್ರೋಗ್ರಾಮುಗಳನ್ನು ಪ್ರಿಸಂ ಎಂಬ ಎಮ್ಯುಲೇಟರ್ ಓಡಿಸುತ್ತದೆ. ಇಂಟೆಲ್ ಆದೇಶಗಳನ್ನು ಆರ್ಮ್ ಆದೇಶಗಳಾಗಿ ಬದಲಿಸಿ, ಬದಲಿಸಿದ್ದನ್ನು ಎತ್ತಿಟ್ಟುಕೊಂಡು, ಮುಂದಿನ ಸಲ ಅದನ್ನೇ ಬಳಸುತ್ತದೆ. 32 ಬಿಟ್ಟಿನವೂ ಓಡುತ್ತವೆ. 2012ರಲ್ಲಿ ವಿಂಡೋಸ್ ಆರ್‌ಟಿ ಎಂದು ಬಂದಿತ್ತಲ್ಲ, ಅದರಲ್ಲಿ ಹಳೆಯದೊಂದೂ ಓಡುತ್ತಿರಲಿಲ್ಲ. ಜನ ಅದನ್ನು ಕೈಬಿಟ್ಟದ್ದಕ್ಕೆ ಅದೂ ಒಂದು ದೊಡ್ಡ ಕಾರಣ.

ಸಂಜೆ ಗ್ರಾಮ ಒನ್ ಕೇಂದ್ರ ನಡೆಸುವ ನಮ್ಮ ಮಾವನ ಮಗ ಬಂದಿದ್ದ. ‘ಅಣ್ಣಾ, ನಾನೂ ಒಂದು ಇಂಥಾದ್ದೇ ತಗಳ್ಲಾ?’ ಬೇಡವೆಂದೆ. ಬೆರಳಚ್ಚಿನ ಯಂತ್ರಕ್ಕೆ, ಪ್ರಿಂಟರಿಗೆ ಬೇಕಾದ ಡ್ರೈವರ್ ವಿಂಡೋಸಿನ ಒಳಮನೆಯಲ್ಲಿ ಕೂರುವಂಥದ್ದು. ಎಮ್ಯುಲೇಟರ್ ಅಲ್ಲಿಗೆ ಮುಟ್ಟುವುದಿಲ್ಲ. ಯಂತ್ರ ಮಾಡಿದವರೇ ಆರ್ಮ್‌ಗೆ ಡ್ರೈವರ್ ಕೊಟ್ಟಿದ್ದಾರೆಯೇ ಎಂದು ಖಾತ್ರಿಯಾಗುವ ತನಕ ದುಡ್ಡು ಹಾಕಬಾರದು. ಪಿಂಚಣಿ ಅರ್ಜಿಗೆ ಬಂದ ಮುದುಕಿಯನ್ನು ‘ಹೆಬ್ಬೆಟ್ಟು ತಗಳವಲ್ದು’ ಎಂದು ಅವನು ವಾಪಸು ಕಳಿಸುವಂತಾಗಬಾರದು.

11 ಜೂನ್, ಬುಧವಾರ. ಕಾರಹುಣ್ಣಿಮೆ

ಎತ್ತುಗಳ ಕೋಡಿಗೆ ಬಣ್ಣ ಬಳಿದು ಕೈತೊಳೆದು ಬಂದ ಮೇಲೆ ಓದಿದ ಸುದ್ದಿ: ಆ್ಯಪಲ್‌ನವರು ರೊಸೆಟ್ಟಾವನ್ನು ಮ್ಯಾಕ್‌ಓಎಸ್ 27ರ ತನಕ ಮಾತ್ರ ಪೂರ್ತಿಯಾಗಿ ಉಳಿಸುತ್ತಾರಂತೆ. ಆಮೇಲೆ ಕೆಲವು ಹಳೆಯ ಆಟಗಳಿಗಷ್ಟೇ. 2020ರಲ್ಲಿ ಎಂ1 ಬಂದಾಗ ಇಂಟೆಲ್ ಮ್ಯಾಕಿನ ಪ್ರೋಗ್ರಾಮುಗಳನ್ನೆಲ್ಲ ಹೊಸ ಯಂತ್ರಕ್ಕೆ ದಾಟಿಸಿದ ಸೇತುವೆ ಅದು. ಪವರ್‌ಪಿಸಿಯಿಂದ ಇಂಟೆಲ್‌ಗೆ ಬಂದಾಗಲೂ ಇದೇ ಹೆಸರಿನದೊಂದು ಇತ್ತು. 2006ರಲ್ಲಿ ಕೊಟ್ಟರು, 2011ರಲ್ಲಿ ತೆಗೆದರು.

ಎಮ್ಯುಲೇಟರ್ ನಂಬಿ ಕೂರುವಂತಿಲ್ಲ. ಮೂಲ ಕೋಡ್ ಕೈಯಲ್ಲಿದ್ದರೆ ಯಾವ ಪ್ರೊಸೆಸರಿಗಾದರೂ ಮತ್ತೆ ಕಟ್ಟಬಹುದು. ಬರೀ ಓಡುವ ಕಡತವಷ್ಟೇ ಉಳಿದಿದ್ದರೆ ಅದರ ಆಯುಷ್ಯ ಬೇರೆಯವರ ಕೈಯಲ್ಲಿ. ಕನ್ನಡದ ಎಷ್ಟೋ ಉಪಕರಣಗಳ ಸ್ಥಿತಿ ನೆನೆದರೆ ನನಗೆ ನಿಜಕ್ಕೂ ದಿಗಿಲಾಗುತ್ತದೆ. ಕೀಲಿಮಣೆಯ ತಂತ್ರಾಂಶಗಳಂತೂ ಇನ್ನೂ ಸೂಕ್ಷ್ಮ. ಬೇರೆ ಪ್ರೋಗ್ರಾಮಿನ ಒಳಹೊಕ್ಕು ಅಕ್ಷರ ಮೂಡಿಸುವಂಥವನ್ನು ಆರ್ಮ್‌ಗೆಂದೇ ಕಟ್ಟದಿದ್ದರೆ ಕೆಲಸ ಮಾಡದೆ ಹೋಗಬಹುದೆಂದು ಮೈಕ್ರೋಸಾಫ್ಟ್ ತಾನೇ ಎಚ್ಚರಿಸಿದೆ. ವಿಂಡೋಸಿನಲ್ಲೇ ಕನ್ನಡ ಕೀಲಿಮಣೆ ಇರುವುದರಿಂದ ಇವತ್ತಿನ ಟೈಪಿಂಗಿಗೇನೂ ತೊಂದರೆಯಿಲ್ಲ. ಹಿಂದೆ ಟೈಪು ಮಾಡಿಟ್ಟದ್ದರ ಗತಿಯೇನು?

15 ಜೂನ್, ಭಾನುವಾರ

ಈ ಪ್ರಶ್ನೆಗೆ ಕಾರಣ ನಮ್ಮ ಮೇಷ್ಟ್ರು. ಸುತ್ತಲ ಹಳ್ಳಿಗಳ ಹೆಂಗಸರು ಹಾಡುವ ಸೋಬಾನೆ ಪದ, ಬೀಸುವ ಪದಗಳನ್ನು ಅವರು ವರ್ಷಗಟ್ಟಲೆ ಬರೆದುಕೊಂಡು, ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಸಿಟ್ಟಿದ್ದಾರೆ. ಹಾಡಿದವರಲ್ಲಿ ಹಲವರು ಈಗಿಲ್ಲ. ಅದನ್ನೆಲ್ಲ ಯೂನಿಕೋಡಿಗೆ ತರಲು ನಮ್ಮ ಕಡೆಯ ಹುಡುಗನೊಬ್ಬ ಸಿ ಭಾಷೆಯಲ್ಲಿ ಬರೆದ ಪರಿವರ್ತಕ ನನ್ನ ಹತ್ತಿರ ಇದೆ, ಮೂಲ ಕೋಡ್ ಸಮೇತ.

ಅದರ ಹಳೆಯ ವಿಂಡೋಸ್ ಕಡತ ಪ್ರಿಸಂ ಮೇಲೆ ಚೆನ್ನಾಗಿಯೇ ಓಡಿತು. ಎಮ್ಯುಲೇಟರ್ ನಂಬುವಂತಿಲ್ಲವಲ್ಲ, ಅದೇ ಕೋಡನ್ನು ಇದೇ ಯಂತ್ರದಲ್ಲಿ ವಿಂಡೋಸಿನ ಒಳಗೇ ಓಡುವ ಲಿನಕ್ಸ್‌ನಲ್ಲಿ ಜಿಸಿಸಿಯಿಂದ ಕಂಪೈಲ್ ಮಾಡಿದೆ. ಒಂದು ಎಚ್ಚರಿಕೆಯ ಸಾಲೂ ಬರಲಿಲ್ಲ. ಹೊರಬಂದ ಪುಟದಲ್ಲಿ ಮಾತ್ರ ತಲಕಟ್ಟಿಲ್ಲ, ಒತ್ತಿಲ್ಲ, ‘ನ’ ಇಲ್ಲ. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, ‘ಏನಪ್ಪಾ ಇದು, ಪದದ ಚರ್ಮ ಸುಲಿದಂಗೈತಲ್ಲ’ ಎಂದರು.

16 ಜೂನ್, ಸೋಮವಾರ

ಸಿಕ್ಕಿತು! ಬೆಳಗಿನ ಜಾವವೇ ಎದ್ದು ಕೂತಿದ್ದೆ.

ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂಬ ಮಾತಿಗೆ ಏಳು ಬೈಟು. ಕ ಕಾರದ ಮೈಗೆ 80, ಅದರ ತಲಕಟ್ಟಿಗೆ 192, ನ ಕಾರಕ್ಕೆ 163, ಮತ್ತೆ ತಲಕಟ್ಟು, ನ ಒತ್ತಿಗೆ 223, ಡ ಕಾರಕ್ಕೆ 113, ಕೊನೆಗೆ ಇನ್ನೊಂದು ತಲಕಟ್ಟು. ಏಳರಲ್ಲಿ ಐದು 127ನ್ನು ದಾಟಿದವು. ಪರಿವರ್ತಕದಲ್ಲಿ ಬೈಟನ್ನು ‘ಚಾರ್’ ಎಂಬ ಜಾತಿಯಲ್ಲಿ ಇಟ್ಟುಕೊಂಡು, ಅದು ಸೊನ್ನೆಗಿಂತ ಕಡಿಮೆಯಾದರೆ ಒಂದು ಪಟ್ಟಿ, ಇಲ್ಲವಾದರೆ ಇನ್ನೊಂದು ಪಟ್ಟಿ ನೋಡುವಂತೆ ಬರೆದಿದೆ. ನೋಡಿದ ಪಟ್ಟಿಯಲ್ಲಿ ಸಿಗದ್ದನ್ನು ಬಿಟ್ಟುಬಿಡುತ್ತದೆ.

ಇಂಟೆಲ್‌ನಲ್ಲಿ ಚಾರ್ ಋಣಸಂಖ್ಯೆಯನ್ನೂ ಹಿಡಿಯುತ್ತದೆ. 192 ಅಲ್ಲಿ –64 ಆಗಿ, ಸರಿಯಾದ ಪಟ್ಟಿಗೇ ಹೋಗುತ್ತದೆ. ಆರ್ಮ್ ಲಿನಕ್ಸ್‌ನಲ್ಲಿ ಚಾರ್‌ಗೆ ಋಣವೆಂಬುದೇ ಇಲ್ಲ, 192 ಎಂದರೆ 192. ಸೊನ್ನೆಗಿಂತ ಕಡಿಮೆಯಾಗುವ ಮಾತೇ ಬರುವುದಿಲ್ಲ. ಸಿ ಭಾಷೆಯ ನಿಯಮ ಎರಡಕ್ಕೂ ಅವಕಾಶ ಕೊಟ್ಟಿದೆ. ವಿಂಡೋಸ್ ಆರ್ಮ್‌ನಲ್ಲೂ ಚಾರ್ ಇಂಟೆಲ್‌ನ ಹಾಗೇ. ಪ್ರಿಸಂ ಮೇಲೆ ಓಡಿದ ಹಳೆಯ ಕಡತ ಇಂಟೆಲ್‌ಗೆ ಕಟ್ಟಿದ್ದು, ಹೊಸದು ಆರ್ಮ್ ಲಿನಕ್ಸ್‌ಗೆ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಉತ್ತರ ಬಂದದ್ದು ಅದಕ್ಕೇ.

ಇಂಗ್ಲಿಷ್ ಪಠ್ಯವಾಗಿದ್ದರೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ, ಅದರ ಅಕ್ಷರಗಳೆಲ್ಲ 127ರ ಒಳಗೇ ಮುಗಿಯುತ್ತವೆ. ನಮಗೆ ಯೂನಿಕೋಡಿನಲ್ಲೂ ಬಿಡುಗಡೆಯಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರವೂ 224ರಿಂದಲೇ ಶುರು. ಆರ್ಮ್‌ಗೆ ದಾಟಿಸುವಾಗ ಕನ್ನಡ ಪಠ್ಯ ಹಾಕಿ ಪರೀಕ್ಷಿಸುವವರು ನಾವಲ್ಲದೆ ಬೇರೆ ಯಾರೂ ಇಲ್ಲ.

‘ಋಣವಿರಲಿ’ ಎಂದು ಕಂಪೈಲರಿಗೆ ಹೇಳುವ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ ಈಗಲೇ ಸರಿಯಾಗುತ್ತದೆ, ಆದರೆ ಮುಂದೆ ಕಟ್ಟುವವರಿಗೆ ಆ ಗುಟ್ಟು ತಿಳಿದಿರಬೇಕು. ಹಾಗಾಗಿ ಎಲ್ಲ ಕಡೆ ‘ಅನ್‌ಸೈನ್ಡ್ ಚಾರ್’ ಎಂದು ಬದಲಿಸಿ, ಹೋಲಿಕೆಯನ್ನೂ 128ಕ್ಕೆ ತಿದ್ದಿದೆ. ತಲಕಟ್ಟುಗಳು ಮರಳಿ ಬಂದವು.

22 ಜೂನ್, ಭಾನುವಾರ

ಬರೆದ ಹುಡುಗನಿಗೆ ಫೋನ್ ಮಾಡಿ, ಕೋಡನ್ನು ಮುಕ್ತ ಪರವಾನಗಿಯಲ್ಲಿ ಬಿಡಲು ಒಪ್ಪಿಗೆ ಕೇಳಿದೆ. ‘ಅದಿನ್ನೂ ಬಳಸ್ತಾರಾ ಅಣ್ಣಾ?’ ಎಂದ, ದನಿಯಲ್ಲಿ ಖುಷಿ ಇತ್ತು. ಒಪ್ಪಿದ. ಸೋಬಾನೆ ಪದದ ಒಂದು ಪುಟವನ್ನೇ, ಮೇಷ್ಟ್ರ ಅನುಮತಿ ಪಡೆದು, ಪರೀಕ್ಷೆಯ ಕಡತವಾಗಿ ಸೇರಿಸಿದ್ದೇನೆ. ಗಿಟ್‌ಹಬ್‌ನಲ್ಲಿ ಆರ್ಮ್ ಲಿನಕ್ಸ್ ಯಂತ್ರಗಳು ಸಾರ್ವಜನಿಕ ಕೋಡಿಗೆ ಪುಕ್ಕಟೆ ಸಿಗುತ್ತವೆ. ಪ್ರತಿ ತಿದ್ದುಪಡಿಗೂ ಇಂಟೆಲ್, ಆರ್ಮ್ ಎರಡರಲ್ಲೂ ಕಟ್ಟಿ, ಹೊರಬಂದ ಪುಟಗಳನ್ನು ಬೈಟಿಗೆ ಬೈಟು ಹೋಲಿಸಿ, ಒಂದು ಬೈಟು ತಾಳೆಯಾಗದಿದ್ದರೂ ತಿದ್ದುಪಡಿಯನ್ನು ತಡೆಯುವಂತೆ ಬರೆದಿಟ್ಟೆ. ‘ಬರಹ’ ತಂತ್ರಾಂಶದ ಹಳೆಯ ಕಡತಗಳ ಪಟ್ಟಿ ಇನ್ನೂ ಬಾಕಿ ಇದೆ. ಅದನ್ನು ತಾನೇ ಸೇರಿಸುವೆನೆಂದು ಹುಡುಗ ಹೇಳಿದ್ದಾನೆ.