ತಾಳೆಹಣ್ಣಿನ ಎಣ್ಣೆ: ಗುಣ ತಿಳಿದು ಮಾರೋಣ

ನಾವು ಅಕ್ಕಲಕೋಟೆಯ ಪೇಟೆಯಲ್ಲಿ ಎಣ್ಣೆ, ಕಾಳುಕಡಿಯ ಅಂಗಡಿ ಇಟ್ಟು ನಲವತ್ತು ವರ್ಷ ಮೀರಿತು. ಮೊದಲೆಲ್ಲ ಗಿರಾಕಿಗಳು ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಕೇಳುತ್ತಿದ್ದರು. ಈಗ ಬಡವರ ಮನೆಗೂ ಫರಸಾಣದ ಭಟ್ಟಿಗೂ ಹೆಚ್ಚಾಗಿ ಹೋಗುವುದು ಪಾಮೋಲಿನ್. "ಸಾವ್ಕಾರ್ರ, ಈ ಎಣ್ಣಿ ಎದಿಗೆ ತ್ರಾಸ ಮಾಡ್ತದೇನ್ರಿ?" ಎಂದು ಕೇಳುವವರಿಗೆ ಉತ್ತರ ಹೇಳಬೇಕಾದವರು ನಾವೇ. ಮೆಟ್ರಿಕ್‌ವರೆಗೆ ಮಾತ್ರ ಓದಿದ ನಾವು ತಿಳಿದವರಿಂದ ಕೇಳಿ, ಓದಿ ಅರಿತದ್ದನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಇದು ನಮ್ಮ ಕಡೆಯ ತಾಟಿನಿಂಗಿನ ಮರದ್ದಲ್ಲ. ಪಶ್ಚಿಮ ಆಫ್ರಿಕಾ ಮೂಲದ ಬೇರೊಂದು ತಾಳೆಯದು. ನಮ್ಮ ದೇಶಕ್ಕೆ ಹೆಚ್ಚಿನ ಪಾಲು ಇಂಡೋನೇಷ್ಯಾ, ಮಲೇಷ್ಯಾಗಳಿಂದ ಬರುತ್ತದೆ. ಆಂಧ್ರದ ಗೋದಾವರಿ ಸೀಮೆಯಲ್ಲೂ ಬೆಳೆಯುತ್ತಾರೆ. ಒಂದೇ ಹಣ್ಣಿನಲ್ಲಿ ಎರಡು ಎಣ್ಣೆ. ತಿರುಳಿನದು ತಾಳೆಎಣ್ಣೆ, ಅದರ ತೆಳು ಭಾಗವೇ ಪಾಮೋಲಿನ್. ಒಳಗಿನ ಬೀಜದ ಎಣ್ಣೆ ಬೇರೆ. ಅದರಲ್ಲಿ ನೂರಕ್ಕೆ 80ರಷ್ಟು ಗಟ್ಟಿ ಕೊಬ್ಬು. ಅದು ಸಾಬೂನಿಗೂ ಮಿಠಾಯಿಗೂ ಹೋಗುತ್ತದೆ.

ತಿರುಳಿನ ಎಣ್ಣೆಯಲ್ಲಿ ಡಾಕ್ಟರರು ಸ್ಯಾಚುರೇಟೆಡ್ ಎನ್ನುವ ಗಟ್ಟಿ ಕೊಬ್ಬು ಸುಮಾರು ಅರ್ಧ. ಪಾಮಿಟಿಕ್ ಆಮ್ಲವೇ ನೂರಕ್ಕೆ 44ರಷ್ಟು. ಓಲಿಯಿಕ್ ಸುಮಾರು 40, ಲಿನೋಲಿಯಿಕ್ ಸುಮಾರು 10. ಚಳಿಗಾಲದಲ್ಲಿ ಡಬ್ಬಿಯೊಳಗೆ ಎಣ್ಣೆ ಹೆಪ್ಪುಗಟ್ಟುವುದು ಇದರಿಂದಲೇ. ಅದಷ್ಟೇ ನೋಡಿ ಕಲಬೆರಕೆ ಎನ್ನಬಾರದು. ಕುಸುಬಿ ಎಣ್ಣೆಯಲ್ಲಿ ಲಿನೋಲಿಯಿಕ್ ಹೆಚ್ಚಿರುವುದರಿಂದ ಅದು ಹೆಪ್ಪುಗಟ್ಟುವುದಿಲ್ಲ. ತಾಳೆಎಣ್ಣೆ ಬೇಗ ಕಮಟುವುದಿಲ್ಲ, ಕರಿಯಲು ತಾಳುತ್ತದೆ. ಭಟ್ಟಿಯವರಿಗೆ ಬೇಕಾದದ್ದು ಅದೇ.

ಹಣ್ಣಿನಿಂದ ತೆಗೆದಾಗ ಈ ಎಣ್ಣೆ ಕೆಂಪು. ಒಂದು ಕಿಲೋದಲ್ಲಿ 500ರಿಂದ 700 ಮಿಲಿಗ್ರಾಂ ಕೆರೋಟಿನ್ ಇರುತ್ತದೆ. ಕಣ್ಣಿಗೆ ಬೇಕಾದ ಎ ಜೀವಸತ್ವ ದೇಹದಲ್ಲಿ ಇದರಿಂದ ಆಗುತ್ತದೆ; ಇ ಜೀವಸತ್ವವೂ ಉಂಟು. ಆಫ್ರಿಕಾದವರು ಕೆಂಪೆಣ್ಣೆಯನ್ನೇ ಅಡಿಗೆಗೆ ಬಳಸುತ್ತಾರೆ. ನಮ್ಮಲ್ಲಿಗೆ ಬರುವ ಮಾಲಿನ ಬಣ್ಣ, ವಾಸನೆ ತೆಗೆಯುವಾಗ ಕೆರೋಟಿನ್ ಬಹುತೇಕ ಹೋಗಿಬಿಡುತ್ತದೆ. ಕೆಂಪೆಣ್ಣೆಯ ಗುಣ ಹೇಳಿ ಬಿಳಿ ಎಣ್ಣೆ ಮಾರುವುದು ನ್ಯಾಯವಲ್ಲ.

ಗಿರಾಕಿಗಳಿಗೆ ನಾವು ಹೇಳುವುದಿಷ್ಟು: ಇದು ವಿಷವಲ್ಲ, ಔಷಧವೂ ಅಲ್ಲ. ಎದೆಬೇನೆ ಇರುವವರು ಡಾಕ್ಟರರನ್ನು ಕೇಳಿ ಕಡಿಮೆ ಮಾಡಲಿ. ಉಳಿದವರು ಒಂದೇ ಎಣ್ಣೆಗೆ ಅಂಟದೆ ಶೇಂಗಾ, ಕುಸುಬಿಗಳನ್ನೂ ಬದಲಿಸಿ ಬಳಸಲಿ, ಕರಿದದ್ದು ಹಬ್ಬಕ್ಕಿರಲಿ. ನಮ್ಮ ವ್ಯಾಪಾರಿ ಬಂಧುಗಳಲ್ಲಿ ಒಂದು ವಿನಂತಿ. ಮಿಶ್ರ ಎಣ್ಣೆಯಾದರೆ ಮಿಶ್ರವೆಂದೇ, ಪಾಮೋಲಿನ್ ಆದರೆ ಪಾಮೋಲಿನ್ ಎಂದೇ ಹೇಳಿ ಕೊಡಿ. ಅಗ್ಗದ ಮಾಲು ಕೊಳ್ಳುವ ಬಡವನಿಗೂ ತಾನು ಏನು ತಿನ್ನುತ್ತಿದ್ದೇನೆಂದು ತಿಳಿಯುವ ಹಕ್ಕಿದೆ.